ಹೆಬ್ಬಿಗೆ ಕಾನಿನ ಎಣಿಕೆ

ಅರಣ್ಯ ಇಲಾಖೆಯ ಗಾರ್ಡು ಹೂವಯ್ಯನ ಜೊತೆ ಕಾನಿಗೆ ಹೋಗಬೇಕು ಎಂದು ಮೇಷ್ಟ್ರು ಹೇಳಿದಾಗ, ಮಾರಲು ಒಣಗಿಸಿದ ಉಪ್ಪಾಗೆ ಹಣ್ಣಿನ ಸಿಪ್ಪೆ ಆರಿಸುತ್ತಿದ್ದ ಕೆರಿಯಮ್ಮ ತಲೆ ಎತ್ತದೆಯೇ ಆಗುವುದಿಲ್ಲ ಎಂದುಬಿಟ್ಟಳು.

ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ. ಹನ್ನೊಂದು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಹೂವಯ್ಯ ಈ ಕಡೆಗೆ ಹೊಸದಾಗಿ ಬಂದಿದ್ದ. ಕವಲೇದುರ್ಗದ ಬುಡದ ಯಾವುದೋ ಹಳ್ಳಿಯವನು. ಬಂದ ಮೂರೇ ತಿಂಗಳಿಗೆ ಅವಳ ಗಂಡ ಸೀತಾರಾಮಪ್ಪನನ್ನು ಒಂದು ಬೀಟೆ ತುಂಡಿನ ಸಮೇತ ಹಿಡಿದು, ಕೈ ಹಿಂದಕ್ಕೆ ಕಟ್ಟಿ, ಊರಿನ ಮಧ್ಯದಿಂದಲೇ ನಡೆಸಿಕೊಂಡು ಬ್ಯಾಕೋಡಿನ ದಾರಿ ಹಿಡಿದಿದ್ದ. ಸೀತಾರಾಮಪ್ಪ ಶಿವಮೊಗ್ಗದ ಜೈಲಿನಲ್ಲಿ ಮೂರು ತಿಂಗಳಿದ್ದು ಕೆಮ್ಮು ಹಚ್ಚಿಕೊಂಡು ಬಂದ. ಮುಂದಿನ ದೀಪಾವಳಿ ನೋಡಲಿಲ್ಲ. ಅದೇ ವರ್ಷ ಪ್ಲೈವುಡ್ ಕಾರ್ಖಾನೆಯ ಲಾರಿಗಳು ಪಾಸು ತೋರಿಸಿಕೊಂಡು ಅದೇ ಕಾನಿನಿಂದ ದಿನಕ್ಕೆ ಎರಡರಂತೆ ದಿಮ್ಮಿ ಹೊತ್ತು ಹೋದವು. ಆ ದಿಮ್ಮಿಗಳ ಮೇಲೆ ಇಲಾಖೆಯ ಸುತ್ತಿಗೆ ಮುದ್ರೆ ಒತ್ತುತ್ತಿದ್ದವನೂ ಹೂವಯ್ಯನೇ. ಅಂದಿನಿಂದ ಅವನು ಎದುರಾದರೆ ಕೆರಿಯಮ್ಮ ದಾರಿ ಬಿಟ್ಟು ಗದ್ದೆಯ ಅಂಚಿಗೆ ಇಳಿಯುತ್ತಿದ್ದಳು. ಅವನು ದಾಟಿದ ಮೇಲೆ ನೆಲಕ್ಕೆ ಉಗುಳಿ ಮತ್ತೆ ದಾರಿಗೆ ಹತ್ತುತ್ತಿದ್ದಳು.

ನಾರಾಯಣಮೂರ್ತಿ ಮೇಷ್ಟ್ರು ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು. ಮೂರು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಲಾಂಚಿನಲ್ಲಿ ಹಿನ್ನೀರು ದಾಟಿ ಹೆಬ್ಬಿಗೆಗೆ ಬರುತ್ತಿದ್ದರು. ಎಲೆ ಹೂವು ಕಿತ್ತು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟುಕೊಳ್ಳುವ ಅವರನ್ನು ಮೊದಲು ಊರಿನವರು ನಾಟಿ ವೈದ್ಯರು ಎಂದುಕೊಂಡಿದ್ದರು. ಅವರಿಗೆ ಕಾನು ತೋರಿಸಿದವಳು ಕೆರಿಯಮ್ಮ. ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವುದರ ಬೀಜವನ್ನು ಮಂಗಟ್ಟೆ ಹಕ್ಕಿ ಒಯ್ಯುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ತಮಗೆ ಗೊತ್ತಿಲ್ಲವೆಂದು ಅವರು ಬಾಯಿಬಿಟ್ಟು ಹೇಳಿದ್ದರು.

ಆ ದಿನ ಅವರು ಒಂದು ಪತ್ರಿಕೆಯ ತುಂಡು ತಂದಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕೆಟ್ಟುಹೋದ ಕಾಡು ಬೋಳಿಸಿ ಅಕೇಶಿಯಾ ನೆಡುವ ಯೋಜನೆಯೊಂದಿತ್ತು. ಅದನ್ನು ಪರಿಶೀಲಿಸಲು ಸರಕಾರ ಸಮಿತಿ ನೇಮಿಸಿದೆ, ಯಾರು ಬೇಕಾದರೂ ಅರುವತ್ತು ದಿನದೊಳಗೆ ಸಾಗರಕ್ಕೆ ಬಂದು ಅಭಿಪ್ರಾಯ ಹೇಳಬಹುದು ಎಂದು ಅದರಲ್ಲಿತ್ತು. ಇಲಾಖೆಯ ಕಾಗದದ ಪ್ರಕಾರ ಹೆಬ್ಬಿಗೆ ಕಾನು ಹಾಳುಬಿದ್ದ ಕಾಡು. ಅಲ್ಲಿರುವುದು ಹದಿನಾಲ್ಕು ಜಾತಿಯ ಮರ.

“ಹದಿನಾಲ್ಕಾ?” ಎಂದಳು ಕೆರಿಯಮ್ಮ. “ಹದಿನಾಲ್ಕು ಜಾತಿ ನನ್ನ ಹಿತ್ಲಲ್ಲೇ ಇದಾವೆ.”

ಅದನ್ನೇ ಅಲ್ಲಿ ಹೇಳಬೇಕು, ಆದರೆ ಬಾಯಿಮಾತಿಗೆ ಬೆಲೆಯಿಲ್ಲ, ಎಣಿಸಿ ಬರೆದುಕೊಂಡು ಹೋಗಬೇಕು ಎಂದರು ಮೇಷ್ಟ್ರು. ಎಣಿಸಲು ಸಮಿತಿ ಒಪ್ಪಿತ್ತು. ಒಂದೇ ಕಟ್ಟಳೆ: ಇಲಾಖೆಯ ಗಾರ್ಡು ಜೊತೆಗಿದ್ದು, ಪ್ರತಿ ಪುಟಕ್ಕೂ ರುಜು ಹಾಕಬೇಕು. ಮೇಷ್ಟ್ರಿಗೆ ಕಾಲೇಜು ಬಿಟ್ಟು ಎಲ್ಲ ದಿನವೂ ಬರಲಾಗುವುದಿಲ್ಲ. ಅವರು ಬಾರದ ದಿನ ಬರೆಯುವವನೂ ಗಾರ್ಡೇ.

ಕೆರಿಯಮ್ಮ ಆಗುವುದಿಲ್ಲ ಎಂದದ್ದು ಆಗಲೇ. ಮೇಷ್ಟ್ರು ಒತ್ತಾಯ ಮಾಡಲಿಲ್ಲ, ಚೀಲ ಹೆಗಲಿಗೇರಿಸಿ ಎದ್ದರು. ಅವರು ಅಂಗಳ ದಾಟುವ ಹೊತ್ತಿಗೆ ಅವಳಿಗೆ ಬೇರೆಯೇ ಒಂದು ಯೋಚನೆ ಬಂತು. ಇಲಾಖೆಯ ಉಪ್ಪು ತಿನ್ನುವವನು ಸರಿಯಾದ ಲೆಕ್ಕ ಬರೆಯುತ್ತಾನೆಯೇ? ಖಂಡಿತ ಇಲ್ಲ. ಸುಳ್ಳು ಬರೆಯುತ್ತಾನೆ. ಅವನ ಸುಳ್ಳನ್ನು ಸಾಗರದಲ್ಲಿ, ಅವನ ಸಾಹೇಬರ ಎದುರೇ ಹಿಡಿದರೆ? ಗಂಡನನ್ನು ಊರೆಲ್ಲ ನೋಡುವಂತೆ ನಡೆಸಿಕೊಂಡು ಹೋದವನು ಹತ್ತು ಜನರ ನಡುವೆ ತಲೆ ತಗ್ಗಿಸಿ ನಿಲ್ಲುವುದನ್ನು ನೋಡಿದರೆ?

“ಮೇಷ್ಟ್ರೇ,” ಎಂದು ಕೂಗಿದಳು. “ಬರ್ತೀನಿ. ಆದ್ರೆ ಅವನ ಹತ್ರ ಮಾತಾಡು ಅಂತ ಹೇಳ್ಬೇಡಿ.”

ಮಾಘ ಮುಗಿಯುವ ಹೊತ್ತಿಗೆ ಎಣಿಕೆ ಶುರುವಾಯಿತು. ಕಾನಿನಲ್ಲಿ ಹಗ್ಗ ಹಿಡಿದು ನಲವತ್ತು ಚೌಕ ಮಾಡಿ, ಮೂಲೆಗಳಿಗೆ ಗೂಟ ಹೊಡೆದರು. ಇಪ್ಪತ್ತು ಚೌಕ ಪೂರ್ವದ ಇಳಿಜಾರಿನಲ್ಲಿ, ಜಡ್ಡಿಯ ಸುತ್ತ. ಜಡ್ಡಿಯೆಂದರೆ ಬೇಸಗೆಯಲ್ಲೂ ಕಾಲು ಹೂತುಕೊಳ್ಳುವ ಕೆಸರು ನೆಲ. ಕಾರ್ಖಾನೆಯ ಗರಗಸ ಅಲ್ಲಿಗೆ ಹೋಗಿರಲಿಲ್ಲ. ಉಳಿದ ಇಪ್ಪತ್ತು ಪಶ್ಚಿಮದಲ್ಲಿ, ಲಾರಿ ಹೋದ ಕಡೆ. ಪ್ರತಿ ಚೌಕದಲ್ಲೂ ದೊಡ್ಡ ಮರವೆಷ್ಟು, ಸಸಿ ಎಷ್ಟು, ಕಡಿದ ಬುಡ ಎಷ್ಟು ಎಂದು ಬರೆಯಬೇಕಿತ್ತು.

ಕೆರಿಯಮ್ಮ ಮರ ಮುಟ್ಟಿ ಹೆಸರು ಹೇಳುವಳು. ಗಾಳಿಗೆ ಹೇಳಿದಂತೆ ಹೇಳುವಳು, ಹೂವಯ್ಯನ ಕಡೆ ತಿರುಗುತ್ತಿರಲಿಲ್ಲ. ಅವನು ಬರೆದುಕೊಳ್ಳುವನು. ಓದು ಬಾರದ ಅವಳು ತನ್ನದೇ ಲೆಕ್ಕ ಇಟ್ಟಿದ್ದಳು. ಸೊಂಟದ ಎಡಕ್ಕೊಂದು ಬಲಕ್ಕೊಂದು ಸಂಚಿ. ಎಡಗಡೆಯದರ ತುಂಬ ಗುಲಗಂಜಿ. ಒಂದು ಸಸಿ ಕಂಡರೆ ಒಂದು ಗುಲಗಂಜಿ ಬಲಕ್ಕೆ. ಹೊಸ ಜಾತಿ ಕಂಡರೆ ಅದರ ಒಂದು ಎಲೆ ಬುಟ್ಟಿಗೆ. ವಾರಕ್ಕೊಮ್ಮೆ ಮೇಷ್ಟ್ರು ಬಂದಾಗ ಹೂವಯ್ಯನ ಪುಸ್ತಕ ಓದಿಸಿ, ತನ್ನ ಗುಲಗಂಜಿಯನ್ನು ಗೆರಸೆಯಲ್ಲಿ ಸುರಿದು ಎಣಿಸುವಳು.

ಮೊದಲ ವಾರ ಎರಡೂ ಒಂದೇ ಬಂದವು. ಅವಳಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಮತ್ತೊಮ್ಮೆ ಎಣಿಸಿದಳು. ಮತ್ತೂ ಅಷ್ಟೇ. ಕಳ್ಳ ಜಾಣನಿದ್ದಾನೆ, ಕೊನೆಯಲ್ಲಿ ಕೈ ತೋರಿಸುತ್ತಾನೆ ಎಂದುಕೊಂಡಳು. ಹೂವಯ್ಯ ಪಕ್ಕದ ಬಂಡೆಯ ಮೇಲೆ ಕುಳಿತು ಎಲೆಅಡಿಕೆಯ ಕವಳ ಹಾಕುತ್ತ ಅವಳು ಎಣಿಸುವುದನ್ನು ನೋಡುತ್ತಿದ್ದ.

ಊರಿನಲ್ಲಿ ಗಲಾಟೆ ಎದ್ದದ್ದು ಎರಡನೆಯ ವಾರ. ಕೆರಿಯಮ್ಮನ ಮೈದುನ ಜಯಪ್ಪ ಗುತ್ತಿಗೆದಾರನ ಬಳಿ ಮರ ಕಡಿತದ ಮೇಸ್ತ್ರಿ. ಊರಿನ ಹದಿನೆಂಟು ಮನೆಯ ಗಂಡಸರು ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅಣೆಕಟ್ಟಿನ ಮುಳುಗಡೆಯಲ್ಲಿ ಹೊಳೆ ದಂಡೆಯ ಗದ್ದೆ ಕಳೆದುಕೊಂಡು ಗುಡ್ಡಕ್ಕೆ ಹತ್ತಿದ ಮನೆಗಳು ಅವು. ಕಾನು ಬೋಳಿಸುವುದಕ್ಕೆ ಎರಡು ವರ್ಷ, ನೆಡುವುದಕ್ಕೆ ಎರಡು ವರ್ಷ, ಹೀಗೆ ನಾಲ್ಕು ವರ್ಷದ ಕೆಲಸ ಎಂದು ಜಯಪ್ಪ ಎಲ್ಲರಿಗೂ ಮಾತು ಕೊಟ್ಟಿದ್ದ.

ಅವನು ಅಂಗಳಕ್ಕೆ ಬಂದು ನಿಂತೇ ಮಾತಾಡಿದ. “ಅಣ್ಣನ್ನ ಜೈಲಿಗೆ ಹಾಕ್ಸಿದವನ ಹಿಂದೆ ಕಾಡು ಸುತ್ತೋಕೆ ನಾಚ್ಕೆ ಆಗಲ್ವಾ ಅತ್ತಿಗೆ?”

“ಅವನ ಹಿಂದೆ ಅಲ್ಲ. ಮುಂದೆ ಹೋಗೋಳು ನಾನು.”

“ಹದಿನೆಂಟು ಮನೆ ಅನ್ನಕ್ಕೆ ಮಣ್ಣು ಹಾಕ್ತಿದೀಯ. ನೆನಪಿಟ್ಕ.”

ಕಾನು ಹೋದರೆ ನಾಲ್ಕು ವರ್ಷದ ಮೇಲೆ ಏನು ತಿನ್ನುತ್ತೀರಿ, ಉಪ್ಪಾಗೆ ಎಲ್ಲಿಂದ ತರುತ್ತೀರಿ, ಕೆಳಗಿನ ಗದ್ದೆಗೆ ನೀರು ಯಾರು ಬಿಡುತ್ತಾರೆ ಎಂದು ಅವಳು ಕೇಳಿದಳು. ಜಯಪ್ಪ ಬೆನ್ನು ತಿರುಗಿಸಿ ಹೊರಟ. ಮರುದಿನ ಹೋಗಿ ನೋಡಿದರೆ ಪಶ್ಚಿಮದ ಚೌಕಗಳಲ್ಲಿ ಗೂಟ ಒಂದೂ ಇರಲಿಲ್ಲ. ಕಿತ್ತು ಒಟ್ಟು ಹಾಕಿ ಸುಟ್ಟಿದ್ದರು. ಹೂವಯ್ಯ ಬೂದಿಯನ್ನು ಕಾಲಿನಲ್ಲಿ ಕೆದರಿ, ಕೆಲಸ ಮುಗಿದ ಹಾಗೇ ಎನ್ನುವಂತೆ ಪುಸ್ತಕ ಮಡಚಿದ. ಕೆರಿಯಮ್ಮ ಒಬ್ಬಳೇ ಇಳಿಜಾರಿನಲ್ಲಿ ಓಡಾಡಿ, ಈ ಹುತ್ತ ಮೊದಲ ಮೂಲೆ, ಈ ಬಾಗಿದ ನೇರಳೆ ಎರಡನೆಯ ಮೂಲೆ ಎಂದು ಒಂದೊಂದಾಗಿ ಗುರುತಿಸಿ ಅಲ್ಲಲ್ಲಿ ಕಲ್ಲು ನಿಲ್ಲಿಸಿದಳು. ಹಗ್ಗ ಹಿಡಿದು ಅಳೆದಾಗ ಎಲ್ಲಿಯೂ ಒಂದು ಗೇಣಿಗಿಂತ ಹೆಚ್ಚು ತಪ್ಪಿರಲಿಲ್ಲ. ಹೂವಯ್ಯ ಪುಸ್ತಕ ಬಿಚ್ಚಿದ.

ಮೂವತ್ತೊಂದನೆಯ ಚೌಕಕ್ಕೆ ಬಂದಾಗ ಮೇಷ್ಟ್ರು ಇರಲಿಲ್ಲ. ಆ ಚೌಕದಲ್ಲಿ ಕಡಿದ ಬುಡಗಳೇ ಹೆಚ್ಚು. ಏಳು ಬುಡ ಗರಗಸದಿಂದ ಕೊಯ್ದವು, ಮೇಲ್ಮೈ ತಟ್ಟೆಯಂತೆ ಸಪಾಟು. ಹೂವಯ್ಯ ಏಳನ್ನೂ ಬರೆದುಕೊಂಡ. ಎಂಟನೆಯದು ಬೀಟೆಯ ಬುಡ. ಗೆದ್ದಲು ತಿಂದು ಅರ್ಧ ಉಳಿದಿತ್ತು. ಓರೆಯಾಗಿ ಬಿದ್ದ ಕೊಡಲಿಯ ಕಚ್ಚು ಇನ್ನೂ ಕಾಣುತ್ತಿತ್ತು. ಇಬ್ಬರಿಗೂ ಗೊತ್ತಾಯಿತು. ಪೆನ್ನು ನಿಂತಿತು.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಕೆರಿಯಮ್ಮ ಅವನೊಡನೆ ಮಾತಾಡಿದಳು. “ಅದನ್ನ ಬರೀಬೇಡ.”

ಹೂವಯ್ಯ ಹೇಳಿದ, “ನೀನು ಹೇಳಿದ್ರೆ ಬಿಡ್ತೀನಿ. ಪುಸ್ತಕ ನನ್ನ ಕೈಯಲ್ಲೇ ಇದೆ. ಯಾರೂ ಕೇಳಲ್ಲ.”

ಅವಳು ಬುಡದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಇಷ್ಟು ದಿನ ಅವನ ಕೈಯಿಂದ ಬೀಳಲಿ ಎಂದು ಕಾದಿದ್ದ ಸುಳ್ಳು ಇದೇ. ಈಗ ಅದನ್ನು ಬರೆಯಿಸುತ್ತಿರುವವಳು ತಾನು. ಒಂದು ಬುಡ ಬಿಟ್ಟರೆ ಏನಾಗುತ್ತದೆ, ಏನೂ ಆಗುವುದಿಲ್ಲ ಎಂದು ಮನಸ್ಸು ಹೇಳಿತು. ಒಂದನ್ನು ಬಿಟ್ಟವಳು ಉಳಿದದ್ದನ್ನು ಹೇಗೆ ನಿಜವೆನ್ನುತ್ತೀಯ ಎಂದೂ ಅದೇ ಮನಸ್ಸು ಕೇಳಿತು. ಗೆದ್ದಲು ಮಣ್ಣನ್ನು ಬೆರಳಿನಲ್ಲಿ ಕೆರೆದಳು. ಸೀತಾರಾಮಪ್ಪ ಎಡಗೈಯವನು. ಕಚ್ಚು ಎಡದಿಂದಲೇ ಬಿದ್ದಿತ್ತು.

“ಬರಿ,” ಎಂದಳು ಕೊನೆಗೆ. “ಬೀಟೆ, ಒಂದು. ಕೊಡಲಿ ಅಂತ ಬರಿ. ಗರಗಸ ಅಲ್ಲ ಅಂತ್ಲೂ ಬರಿ.”

ಅವನು ಬರೆದ. ಅವಳು ಎದ್ದು ನಿಂತು ಕೇಳಿದಳು, “ಅವತ್ತು ಕೈ ಕಟ್ಟಿದ್ದು ಎಂತಕ್ಕೆ?”

“ಕಟ್ಟದಿದ್ರೆ ಓಡ್ತಿದ್ದ. ಓಡಿದ್ರೆ ನನ್ನ ಕೆಲ್ಸ ಹೋಗ್ತಿತ್ತು.”

“ಊರೊಳಗಿಂದ ಯಾಕೆ ನಡೆಸ್ದೆ? ಕೆರೆ ದಂಡೆ ದಾರಿ ಇತ್ತಲ್ಲ.”

“ಉಳಿದವ್ರು ನೋಡ್ಲಿ ಅಂತ,” ಎಂದ ಹೂವಯ್ಯ.

ತಪ್ಪಾಯಿತು ಎಂದಿದ್ದರೆ ಅವಳು ಬೈಯಬಹುದಿತ್ತು. ಸುಳ್ಳು ಹೇಳಿದ್ದರೆ ಹೊಡೆಯಲೂ ಬಹುದಿತ್ತು. ಎರಡಕ್ಕೂ ಅವನು ಎಡೆಗೊಡಲಿಲ್ಲ. ಅವಳು ಹಗ್ಗ ಸುತ್ತಿಕೊಂಡು ಮೂವತ್ತೆರಡನೆಯ ಚೌಕಕ್ಕೆ ನಡೆದಳು. ಆಮೇಲಿನ ಒಂಬತ್ತು ಚೌಕಗಳಲ್ಲಿ ಮತ್ತೆ ಮಾತಿಲ್ಲ.

ಎಣಿಕೆ ಮುಗಿದಾಗ ಬುಟ್ಟಿಯಲ್ಲಿ ತೊಂಬತ್ತಮೂರು ಜಾತಿಯ ಎಲೆಗಳಿದ್ದವು. ಜಡ್ಡಿಯಲ್ಲಿ ಬೇರನ್ನು ಮಂಡಿಯಂತೆ ಮಡಚಿ ನಿಲ್ಲುವ ಒಂದು ಮರದ ಹೆಸರು ಮೇಷ್ಟ್ರ ಪುಸ್ತಕದಲ್ಲಿ ಸಿಗಲಿಲ್ಲ. ಅವರು ಅದರ ಎಲೆ ಕಾಯಿ ಕಟ್ಟಿ ಬೆಂಗಳೂರಿಗೆ ಕಳಿಸಿದರು. ದಟ್ಟ ನೆರಳಲ್ಲೇ ಹುಟ್ಟುವ ರಾಮಪತ್ರೆಯ ಸಸಿ ಪೂರ್ವದ ಚೌಕಗಳಲ್ಲಿ ನೂರಾ ಹನ್ನೆರಡು, ಪಶ್ಚಿಮದಲ್ಲಿ ನಾಲ್ಕು. ಕಡಿದ ಕಡೆ ಕಾಡು ತಾನಾಗಿ ಎದ್ದಿದೆ ಎಂದು ಹತ್ತು ವರ್ಷದಿಂದ ಬರೆಯುತ್ತ ಬಂದ ಇಲಾಖೆಯೇ ಈಗ ಅಕೇಶಿಯಾ ನೆಡುವುದಕ್ಕಾಗಿ ಇಡೀ ಕಾನನ್ನು ಹಾಳು ಎಂದಿತ್ತು.

ಸಮಿತಿ ಚೈತ್ರದಲ್ಲಿ ಸಾಗರದ ಪ್ರವಾಸಿ ಮಂದಿರದಲ್ಲಿ ಕೂತಿತು. ಮೇಜಿನ ಹಿಂದೆ ಮೂವರು ಸದಸ್ಯರು, ಪಕ್ಕದಲ್ಲಿ ಇಲಾಖೆಯ ದೊಡ್ಡ ಸಾಹೇಬರು. ಗೋಡೆಗೆ ಒತ್ತಿ ಹೂವಯ್ಯ ಖಾಕಿ ಬಟ್ಟೆಯಲ್ಲಿ ನಿಂತಿದ್ದ. ಗುತ್ತಿಗೆದಾರನ ಲಾರಿಯಲ್ಲಿ ಊರಿನ ಗಂಡಸರೆಲ್ಲ ಬಂದಿದ್ದರು. ಜಯಪ್ಪ ಎದ್ದು, ನಮಗೆ ಕಾನು ಬೇಡ, ಕೆಲಸ ಬೇಕು, ಕಾನು ಉಳಿಸಿದರೆ ನಾಳೆ ಇಲಾಖೆಯೇ ಬೇಲಿ ಹಾಕಿ ಒಂದು ಹೊರೆ ದರಗೆಲೆಯೂ ತರದಂತೆ ಮಾಡುತ್ತದೆ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿದ್ದವರು ಹೌದು ಹೌದೆಂದರು.

ಮೇಷ್ಟ್ರು ಲೆಕ್ಕವನ್ನೆಲ್ಲ ಓದಿದ ಮೇಲೆ ಕೆರಿಯಮ್ಮನ ಸರದಿ ಬಂತು. ಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿ, ಓದು ಬರುತ್ತದೆಯೇ ಎಂದು ಕೇಳಿದರು. ಇಲ್ಲವೆಂದಳು. ಹಾಗಾದರೆ ತೊಂಬತ್ತಮೂರು ಜಾತಿ ಎಂದು ಹೇಗೆ ಹೇಳುತ್ತೀಯ ಎಂದರು. ಮರಕ್ಕೂ ಓದು ಬರುವುದಿಲ್ಲ, ನೋಡಿ ಹೇಳುತ್ತೇನೆ ಎಂದಳು. ಸದಸ್ಯರಲ್ಲೊಬ್ಬರು ನಕ್ಕದ್ದು ಸಾಹೇಬರಿಗೆ ಹಿಡಿಸಲಿಲ್ಲ. ಅವರು ಒಂದು ಹಳೆಯ ಫೈಲು ಬಿಡಿಸಿದರು.

“ಎಪ್ಪತ್ತನಾಲ್ಕನೇ ಇಸವಿ. ಬೀಟೆ ಕಳ್ಳತನ. ಆರೋಪಿ ಸೀತಾರಾಮಪ್ಪ. ಇವನು ನಿನಗೇನಾಗಬೇಕು?”

ಹಿಂದಿನ ಸಾಲಿನಿಂದ ಯಾರೋ ನಕ್ಕರು. ಜಯಪ್ಪ ತಲೆ ತಗ್ಗಿಸಿದ್ದನ್ನು ಕೆರಿಯಮ್ಮ ನೋಡಿದಳು. ಸತ್ತವನು ಅವನಿಗೆ ಒಡಹುಟ್ಟಿದವನು. ಅವಳು ಸಾಹೇಬರ ಕಡೆ ತಿರುಗಿದಳು.

“ಗಂಡ. ಕಡಿದದ್ದು ಹೌದು. ಮೂವತ್ತೊಂದನೇ ಚೌಕ ತೆಗ್ದು ನೋಡಿ. ಬೀಟೆ ಒಂದು, ಕೊಡಲಿ ಅಂತ ನಾನೇ ಬರ್ಸೀನಿ. ಅದೇ ಚೌಕದಲ್ಲಿ ಗರಗಸದ್ದು ಏಳು ಇದಾವೆ. ಅವು ಯಾರು ಕಡಿದ್ರು ಅಂತ ನಿಮ್ಮ ಫೈಲಲ್ಲಿ ಇದ್ಯಾ?”

ಅಧ್ಯಕ್ಷರು ಪುಸ್ತಕ ತರಿಸಿ ಆ ಪುಟ ನೋಡಿ, ಪಕ್ಕದವರಿಗೆ ತೋರಿಸಿದರು. ಸಾಹೇಬರು ಫೈಲು ಮುಚ್ಚಿ ಹೂವಯ್ಯನ ಕಡೆ ತಿರುಗಿದರು. ನೀನು ಎಲ್ಲವನ್ನೂ ಕಣ್ಣಾರೆ ನೋಡಿದ್ದೀಯೋ, ಇವರು ಹೇಳಿದ ಹಾಗೆ ರುಜು ಹಾಕಿದ್ದೀಯೋ ಎಂದು ಕೇಳಿದರು. ಅದು ಕೇಳಿದ್ದಲ್ಲ, ಜಾರಿಕೊಳ್ಳಲು ಬಾಗಿಲು ತೆರೆದದ್ದು ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಕೆರಿಯಮ್ಮ ಕಾದಳು. ಅವನ ಸುಳ್ಳು ಈಗ ಬರುತ್ತದೆ. ಎಣಿಸಿದ ಗುಲಗಂಜಿಯ ಸಂಚಿ ಅವಳ ಮಡಿಲಲ್ಲೇ ಇತ್ತು.

“ಬರೆದವ ನಾನೇ ಸಾರ್,” ಎಂದ ಹೂವಯ್ಯ. “ಮಂಡಿಗಿಂತ ಗಿಡ್ಡ ಇರೋ ಸಸಿ ಬಿಟ್ಟು ಬರಿ ಅಂತ ನನಗೆ ಹೇಳಿದ್ರು. ನಾನು ಬಿಟ್ಟಿಲ್ಲ.”

ಯಾರು ಹೇಳಿದರು ಎಂದು ಅಧ್ಯಕ್ಷರು ಕೇಳಿದರು. ಹೂವಯ್ಯ ಉತ್ತರ ಕೊಡಲಿಲ್ಲ. ಸಾಹೇಬರ ಮುಖವನ್ನೂ ನೋಡಲಿಲ್ಲ. ಆದರೆ ಆ ಹೊತ್ತಿನಲ್ಲಿ ಸಾಹೇಬರ ಮುಖ ನೋಡಿದವರಿಗೆ ಉತ್ತರ ಬೇಕಾಗಿರಲಿಲ್ಲ.

ಗೆದ್ದೆವೆಂದು ಮೇಷ್ಟ್ರು ಹೊರಗೆ ಬಂದು ಕಾಫಿ ಕುಡಿಸಹೊರಟರು. ಕೆರಿಯಮ್ಮ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ಅವನು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲು ಬಂದವಳು ಅವಳು. ಅವನು ತಲೆ ಎತ್ತಿ ನಿಂತುಬಿಟ್ಟಿದ್ದ. ದ್ವೇಷಿಸಲು ಹನ್ನೊಂದು ವರ್ಷ ಹಿಡಿದುಕೊಂಡಿದ್ದ ಮನುಷ್ಯ ಇಷ್ಟು ಮಟ್ಟಿಗೆ ನೇರನಿದ್ದಾನೆ ಎಂಬುದು ಅವಳಿಗೆ ಅವಮಾನದಂತೆ ಚುಚ್ಚಿತು. ಸಂಜೆಯ ಲಾಂಚಿನಲ್ಲಿ ಊರಿನವರು ಒಂದು ಬದಿಗೆ ಒತ್ತಿ ನಿಂತರು. ಇನ್ನೊಂದು ಬದಿಯಲ್ಲಿ ಅವಳೊಬ್ಬಳೇ.

ಆ ಬೇಸಗೆ ಅವಳ ಮನೆಗೆ ಹುಲ್ಲು ಹೊದಿಸಲು ಊರಿನಿಂದ ಒಂದು ಆಳೂ ಬರಲಿಲ್ಲ. ವರ್ಷವೂ ಹತ್ತು ಮನೆಯವರು ಸೇರಿ ಒಂದೊಂದು ಮನೆಗೆ ಹೊದಿಸಿ ಮುಗಿಸುವುದು ರೂಢಿ. ಅವಳು ಏಣಿ ಹಾಕಿಕೊಂಡು ತಾನೇ ಹತ್ತಿ ಎಂಟು ದಿನದಲ್ಲಿ ಹೊದಿಸಿದಳು. ಮೊದಲ ಮಳೆಗೆ ಮೂರು ಕಡೆ ಸೋರಿತು.

ಮಳೆ ಶುರುವಾದ ವಾರ ಹೂವಯ್ಯ ಅಂಗಳದ ತುದಿಗೆ ಬಂದು ನಿಂತ. ಹೊಸನಗರದಾಚೆಯ ಮರದ ಡಿಪೋಗೆ ವರ್ಗವಾಗಿದೆ, ಬಾಗಿಲು ಕಾಯುವ ಕೆಲಸ ಎಂದ. ಅಳತೆಯ ಹಗ್ಗವನ್ನು ಜಗುಲಿಯ ಮೇಲಿಟ್ಟ. ಮುಂದಿನ ವರ್ಷವೂ ಅದೇ ಚೌಕಗಳನ್ನು ಎಣಿಸಬೇಕು, ಒಂದು ವರ್ಷದ ಲೆಕ್ಕವನ್ನು ಯಾರು ಬೇಕಾದರೂ ತಳ್ಳಿಹಾಕುತ್ತಾರೆ ಎಂದ.

“ನಿನ್ನ ಮಾತಿಗೆ ಎಣಿಸಲ್ಲ,” ಎಂದಳು ಕೆರಿಯಮ್ಮ.

“ಗೊತ್ತು,” ಎಂದು ಅವನು ಹೋದ. ಅವಳು ಕುಳಿತುಕೋ ಎನ್ನಲಿಲ್ಲ, ಮನೆಗೆ ಬಂದವರಿಗೆ ಕೊಡುವ ನೀರು ಬೆಲ್ಲವನ್ನೂ ಕೊಡಲಿಲ್ಲ. ಅವನು ಬೇಲಿಯ ಉಣುಗೋಲು ದಾಟಿದಾಗ ಉಗುಳಬೇಕೆಂದು ನೆನಪಾಯಿತು. ಉಗುಳಲಿಲ್ಲ.

ಸಮಿತಿಯ ವರದಿ ಮಾರ್ಗಶಿರದಲ್ಲಿ ಅಚ್ಚಾಗಿ ಬಂತು. ಪೂರ್ವದ ಇಳಿಜಾರು ಮತ್ತು ಜಡ್ಡಿಯನ್ನು ಮುಟ್ಟಬಾರದು, ಪಶ್ಚಿಮದಲ್ಲಿ ನೆಡಬಹುದು ಎಂದಿತ್ತು. ಅರ್ಧ ಉಳಿಯಿತು, ಅರ್ಧ ಹೋಯಿತು. ಮೇಷ್ಟ್ರು ಖುಷಿಯಿಂದ ಓದಿ ಹೇಳುತ್ತಿದ್ದರು. ಎಣಿಕೆ ಮಾಡಿದವರ ಹೆಸರು ಓದಿ ಎಂದಳು ಅವಳು. ಮೇಷ್ಟ್ರು ತಡವರಿಸಿದರು. ಅವರ ಹೆಸರಿತ್ತು. ಆಮೇಲೆ ಇಲಾಖೆಯ ಸಿಬ್ಬಂದಿ. ಆಮೇಲೆ ಸ್ಥಳೀಯ ಸಹಾಯಕರು.

ಆ ಹೆಸರಿಲ್ಲದ ಸಾಲು ಎಷ್ಟು ಕೆಡುಕು ಮಾಡಬಲ್ಲದು ಎಂದು ಗೊತ್ತಾದದ್ದು ಮರುವರ್ಷದ ಮಾಘದಲ್ಲಿ. ಹಗ್ಗ ಹಿಡಿದು ಕಾನಿನ ಬಾಯಿಗೆ ಹೋದರೆ ಹೊಸ ಗಾರ್ಡು ಅಡ್ಡ ನಿಂತ. ಮೇಷ್ಟ್ರಾದರೆ ಹೋಗಲಿ, ಪುಸ್ತಕದಲ್ಲಿ ಹೆಸರಿದೆ, ಈ ಹೆಂಗಸು ಯಾರು ಎಂದ. ಪಶ್ಚಿಮದಲ್ಲಿ ಅಕೇಶಿಯಾಕ್ಕೆ ಗುಂಡಿ ತೆಗೆಸುತ್ತಿದ್ದ ಜಯಪ್ಪ ಹಾರೆ ಊರಿ ನೋಡುತ್ತ ನಿಂತಿದ್ದ. ಕೆರಿಯಮ್ಮ ವಾಪಸು ಬಂದು ಹಗ್ಗವನ್ನು ಮೇಷ್ಟ್ರ ಕಾಲ ಬಳಿ ಹಾಕಿದಳು.

“ನಿಮಗೆ ಎಲೆ ಹೆಸ್ರು ಬೇಕಾದಾಗ ನಾನು ಬೇಕು. ನನ್ನ ಹೆಸ್ರು ಬರೆಯೋವಾಗ ಕೈ ನೋಯುತ್ತೆ. ಇನ್ನು ಈ ಅಂಗಳಕ್ಕೆ ಬರೋದಾದ್ರೆ ನನ್ನ ಹೆಸ್ರಿರೋ ಕಾಗದ ತಗಂಡು ಬನ್ನಿ.”

ಮೇಷ್ಟ್ರು ಅಧ್ಯಕ್ಷರಿಗೆ ಕಾಗದ ಬರೆದರು, ಉತ್ತರ ಬಾರದಿದ್ದಾಗ ಎರಡು ದಿನ ರಜೆ ಹಾಕಿ ಬೆಂಗಳೂರಿಗೇ ಹೋಗಿ ಕೂತರು. ಹೋಳಿ ಹುಣ್ಣಿಮೆ ಕಳೆದು ಮೂರನೆಯ ದಿನ ಮೊಹರು ಒತ್ತಿದ ಕಾಗದ ಹಿಡಿದು ಬಂದರು. ಹೆಬ್ಬಿಗೆ ಕಾನಿನ ವರ್ಷವರ್ಷದ ಎಣಿಕೆಯನ್ನು ಸೀತಾರಾಮಪ್ಪನವರ ಹೆಂಡತಿ ಕೆರಿಯಮ್ಮನವರು ಮಾಡತಕ್ಕದ್ದು, ಗಾರ್ಡು ಸಹಕರಿಸತಕ್ಕದ್ದು ಎಂದು ಅದರಲ್ಲಿತ್ತು. ಅವಳು ಎರಡು ಸಲ ಓದಿಸಿದಳು. ಹೊಸ ಗಾರ್ಡು ಒಂದು ಸಲ ಓದಿ ದಾರಿ ಬಿಟ್ಟ.

ಆ ವರ್ಷದ ಎಣಿಕೆ ಯುಗಾದಿಗೆ ಮುಗಿಯಿತು. ಪಶ್ಚಿಮದ ಚೌಕಗಳಲ್ಲಿ ಹನ್ನೊಂದನ್ನು ಹಾರೆ ನುಂಗಿತ್ತು. ಉಳಿದ ಒಂಬತ್ತನ್ನೂ ಜಡ್ಡಿಯ ಸುತ್ತಿನ ಇಪ್ಪತ್ತನ್ನೂ ಅವಳು ಎಣಿಸಿದಳು. ಮೇ ತಿಂಗಳಲ್ಲಿ ತೀರ್ಥಹಳ್ಳಿಯ ಕಾಲೇಜಿನವರು ತಮ್ಮ ಕಡೆಯ ಕಾಡು ಎಣಿಸಲು ಕಲಿಸಿಕೊಡಬೇಕೆಂದು ಕರೆದರು. ಕರೆಯುವ ಕಾಗದದಲ್ಲಿ ಹೆಸರಿದೆಯೋ ಎಂದು ಮೊದಲು ವಿಚಾರಿಸಿ ಆಮೇಲೆ ಒಪ್ಪಿದಳು.

ಅಲ್ಲಿಂದ ಬಂದ ಮೇಲೆ ಅವಳ ಹೆಸರಿಗೆ ಒಂದು ಕಾರ್ಡು ಬಂತು. ಹೊಸನಗರದ ಮುದ್ರೆ. ಮೇಷ್ಟ್ರು ಓದಿದರು. ಯೋಗಕ್ಷೇಮ ಏನೂ ಇಲ್ಲ, ಒಂದೇ ಸಾಲು. ಪೂರ್ವದಲ್ಲಿ ಈ ವರ್ಷ ರಾಮಪತ್ರೆ ಸಸಿ ಎಷ್ಟು ಎಂದು ಹೂವಯ್ಯ ಕೇಳಿದ್ದ.

ಕೆರಿಯಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು.

“ನೂರಾ ನಲವತ್ತು ಅಂತ ಬರೀರಿ,” ಎಂದಳು. “ಬೇರೆ ಏನೂ ಬರೀಬೇಡಿ.”